ರಂಗಮಂಟಪದ ನಂದಾದೀಪ: ನಟವರ್ಯ ಬಳ್ಳಾರಿ ರಾಘವಾಚಾರ್ಯರು

ನಾಟ್ಯವನ್ನು ಐದನೆಯ ವೇದವೆಂದು ಕರೆದವರು ನಮ್ಮ ಪೂರ್ವಿಕರು. ಋಗ್ವೇದದಿಂದ ಮಾತನ್ನೂ, ಸಾಮವೇದದಿಂದ ಗಾನವನ್ನೂ, ಯಜುರ್ವೇದದಿಂದ ಅಭಿನಯವನ್ನೂ, ಅಥರ್ವವೇದದಿಂದ ರಸವನ್ನೂ ತೆಗೆದುಕೊಂಡು ಬ್ರಹ್ಮದೇವನು ನಾಟ್ಯವೇದವನ್ನು ನಿರ್ಮಿಸಿದನೆಂದು ಭರತಮುನಿಯ ಶಾಸ್ತ್ರವು ತಿಳಿಸುತ್ತದೆ. ಆದುದರಿಂದಲೇ ನಮ್ಮ ದೇವಾಲಯಗಳಲ್ಲಿ ಗರ್ಭಗೃಹದ ಮುಂದೆ ರಂಗಮಂಟಪಕ್ಕೂ ಸ್ಥಾನವುಂಟಾಯಿತು. ಜಾತ್ರೆ, ರಥೋತ್ಸವಗಳ ಇರುಳಿನಲ್ಲಿ ಗುಡಿಯ ಮುಂದಣ ಬಯಲಿನಲ್ಲಿ ಚಪ್ಪರ ಹಾಕಿ, ಪರದೆ ಕಟ್ಟಿ, ಪ್ರಹ್ಲಾದ, ಹರಿಶ್ಚಂದ್ರ, ಕುರುಕ್ಷೇತ್ರದ ಕಥೆಗಳನ್ನು ಆಡುವುದು ಈ ಸೀಮೆಯಲ್ಲಿ ದೇವರ ಸೇವೆಯೆಂದೇ ನಡೆದುಬಂದ ಪದ್ಧತಿ. ಓದುಬರಹ ಅರಿಯದ ಎಷ್ಟೋ ಮಂದಿ ಹಿರಿಯರು ರಾಮಾಯಣ ಮಹಾಭಾರತಗಳನ್ನು ಕಲಿತದ್ದು ಆ ಚಪ್ಪರದ ಕೆಳಗೆ.

ಜೀರ್ಣೋದ್ಧಾರವೆಂಬ ಪುಣ್ಯಕಾರ್ಯವನ್ನು ಕೈಗೊಂಡಾಗ ನಾವು ಸಡಿಲಗೊಂಡ ಕಲ್ಲನ್ನು ಮತ್ತೆ ಕೂರಿಸುತ್ತೇವೆ, ಬಿರುಕುಬಿಟ್ಟ ಗೋಪುರಕ್ಕೆ ಗಾರೆ ಕೊಡುತ್ತೇವೆ, ಕಳಶಕ್ಕೆ ಹೊಸ ಕಾಂತಿಯನ್ನು ತರುತ್ತೇವೆ. ಶಿಲ್ಪಿಯು ಕಾಲವಾದರೂ ಅವನು ಕೆತ್ತಿದ ವಿಗ್ರಹವು ಉಳಿದಿರುತ್ತದೆ. ಕವಿಯು ಕಾಲವಾದರೂ ಅವನ ಕಾವ್ಯವು ಓಲೆಯಲ್ಲಿಯೋ ಪುಸ್ತಕದಲ್ಲಿಯೋ ನಿಲ್ಲುತ್ತದೆ. ನಟನಿಗೆ ಆ ಭಾಗ್ಯವಿಲ್ಲ. ಬೆಳಗಿನ ಜಾವ ಬಣ್ಣವನ್ನು ಒರೆಸಿದೊಡನೆ ಅವನು ಸೃಷ್ಟಿಸಿದ ಲೋಕವು ಮಾಯವಾಗುತ್ತದೆ. ಅವನು ಉಳಿಯಬೇಕಾದರೆ ಕಂಡವರ ನೆನಪಿನಲ್ಲಿ ಉಳಿಯಬೇಕು. ಕಂಡವರು ಮುಂದಿನವರಿಗೆ ಹೇಳಬೇಕು. ಹೇಳಿಸಿಕೊಂಡವರು ಆಡಿ ತೋರಿಸಬೇಕು. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಅವನ ಕಲೆಗೆ ಎರಡನೆಯ ಮರಣವೇ ಸರಿ. ಈ ಮಾತಿಗೆ ನಿದರ್ಶನವಾಗಿ, ಕನ್ನಡ ತೆಲುಗುಗಳೆರಡನ್ನೂ ಮನೆಮಾತಿನಂತೆ ಬಳಸುವ ನಮ್ಮ ಸೀಮೆಯಲ್ಲಿಯೇ ಹುಟ್ಟಿ ಬೆಳೆದು ಭಾರತದಾದ್ಯಂತ ಕೀರ್ತಿಯನ್ನು ಪಡೆದ ಬಳ್ಳಾರಿ ರಾಘವಾಚಾರ್ಯರ ಜೀವನವನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ರಾಘವಾಚಾರ್ಯರು 1880ನೆಯ ಇಸವಿ ಆಗಸ್ಟ್ 2ರಂದು ತಾಡಿಪತ್ರಿಯಲ್ಲಿ ಜನಿಸಿದರು. ಪೆನ್ನಾನದಿಯ ದಡದಲ್ಲಿರುವ ಈ ಊರು ಬುಗ್ಗ ರಾಮಲಿಂಗೇಶ್ವರ, ಚಿಂತಲ ವೆಂಕಟರಮಣ ಎಂಬ ಎರಡು ದೇವಾಲಯಗಳ ಶಿಲ್ಪವೈಭವದಿಂದ ಪ್ರಸಿದ್ಧವಾಗಿದೆ. ಅನಂತಪುರ ಜಿಲ್ಲೆ 1882ರಲ್ಲಿ ಪ್ರತ್ಯೇಕವಾಗುವವರೆಗೆ ತಾಡಿಪತ್ರಿಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ತಾಡಿಪತ್ರಿ ರಾಘವಾಚಾರ್ಯರೆಂಬುದು ಅವರ ಪೂರ್ಣ ಹೆಸರಾದರೂ, ಬದುಕನ್ನೂ ವೃತ್ತಿಯನ್ನೂ ಕಟ್ಟಿಕೊಂಡ ಊರಿನ ಹೆಸರೇ ಅವರಿಗೆ ಅಂಟಿ, ಲೋಕವು ಅವರನ್ನು ಬಳ್ಳಾರಿ ರಾಘವರೆಂದೇ ಗುರುತಿಸಿತು.

ಅವರ ಸೋದರಮಾವನವರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯಲ್ಲಿ ವಕೀಲರಾಗಿದ್ದು, ಸರಸವಿನೋದಿನೀ ಸಭೆಯೆಂಬ ನಾಟಕಸಂಘವನ್ನು ಸ್ಥಾಪಿಸಿದ್ದರು. ನಾಟಕಗಳನ್ನು ತಾವೇ ರಚಿಸಿ, ತಾವೇ ಕಲಿಸಿ, ತಾವೇ ವೇಷ ಧರಿಸಿ ಆಡುತ್ತಿದ್ದ ಆ ಮಹನೀಯರನ್ನು ತೆಲುಗರು ಆಂಧ್ರ ನಾಟಕ ಪಿತಾಮಹರೆಂದು ಗೌರವಿಸಿದರು. ಅವರ ವಿಷಾದ ಸಾರಂಗಧರವು ತೆಲುಗಿನ ಮೊದಲ ದುಃಖಾಂತ ನಾಟಕಗಳಲ್ಲಿ ಗಣ್ಯವಾದುದು. ಅದೇ ಬಳ್ಳಾರಿಯಲ್ಲಿ, ಅದೇ ವಕೀಲಿ ವೃತ್ತಿಯಲ್ಲಿ ಇದ್ದ ಮತ್ತೊಬ್ಬ ನಾಟಕಕರ್ತರು ಕೋಲಾಚಲಂ ಶ್ರೀನಿವಾಸರಾಯರು (1854–1919). ಅವರ ಸಂಘದ ಹೆಸರು ಸುಮನೋರಮಾ ಸಭೆ. ಜಗತ್ತಿನ ನಾಟಕಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಪಂಡಿತರವರು. ಒಂದೇ ಊರಿನಲ್ಲಿ ಎರಡು ಸಭೆಗಳಿದ್ದ ಮೇಲೆ ಪೈಪೋಟಿ ಇಲ್ಲದಿರುವುದುಂಟೇ? ಆದರೆ ಆ ಪೈಪೋಟಿಯಿಂದ ಕಲೆಯು ಬೆಳೆಯಿತೇ ಹೊರತು ಕುಗ್ಗಲಿಲ್ಲ. ಸರಸವಿನೋದಿನಿಯ ಮನೆಯ ಹುಡುಗರಾದ ರಾಘವಾಚಾರ್ಯರು ಮುಂದೆ ಕೋಲಾಚಲಂರವರ ನಾಟಕದಲ್ಲಿಯೇ ತಮ್ಮ ಅತ್ಯಂತ ಪ್ರಸಿದ್ಧವಾದ ಪಾತ್ರವೊಂದನ್ನು ಧರಿಸಿದರೆಂಬುದು ಅವರ ವಿಶಾಲ ಮನೋಭಾವಕ್ಕೆ ಸಾಕ್ಷಿಯಾಗಿದೆ.

ಇಂತಹ ವಾತಾವರಣದಲ್ಲಿ ಬೆಳೆದ ಬಾಲಕನಿಗೆ ನಾಟಕವು ಉಸಿರಾಯಿತು. ಶಾಲೆಯಲ್ಲಿ ಇಂಗ್ಲಿಷ್ ವಿದ್ಯೆಯು ದೊರೆತೊಡನೆ ಷೇಕ್ಸ್‌ಪಿಯರನ ನಾಟಕಗಳ ಮೇಲೆ ಮನಸ್ಸು ಹರಿಯಿತು. ಗೆಳೆಯರನ್ನು ಕೂಡಿಸಿ ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬೆಂಬ ಸಂಘವನ್ನು ಕಟ್ಟಿ ಆ ನಾಟಕಗಳನ್ನು ಆಡಿದರು. ಮದರಾಸಿನಲ್ಲಿ ಪದವಿಯನ್ನು ಪಡೆದು, ಕಾನೂನು ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ, ಬಳ್ಳಾರಿಗೆ ಹಿಂದಿರುಗಿ ವಕೀಲಿ ವೃತ್ತಿಯನ್ನು ಕೈಗೊಂಡರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ಹೆಸರು ದೂರದೂರದವರೆಗೂ ಹಬ್ಬಿ ಸಂಪಾದನೆಯೂ ಚೆನ್ನಾಗಿಯೇ ಇದ್ದಿತು. ನ್ಯಾಯಾಲಯದಲ್ಲಿ ಕಟಕಟೆಯ ಒಳಗೆ ನಿಂತವನ ಮುಖವನ್ನು ಹಗಲೆಲ್ಲ ನೋಡಿದ ಕಣ್ಣುಗಳಿಗೆ ಮನುಷ್ಯನ ಭಯ, ಕಪಟ, ಪಶ್ಚಾತ್ತಾಪಗಳ ಪಾಠವನ್ನು ಬೇರೆ ಗುರುಗಳಿಂದ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ರಾಘವಾಚಾರ್ಯರ ಅಭಿನಯದ ಮಹತ್ವವನ್ನು ತಿಳಿಯಬೇಕಾದರೆ ಆ ಕಾಲದ ನಾಟಕಗಳ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಪಾತ್ರಧಾರಿಗೆ ಆಗ ಮುಖ್ಯವಾಗಿ ಬೇಕಾಗಿದ್ದುದು ಕಂಠ. ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ಪದ್ಯವನ್ನು ಎತ್ತಿ, ಕೊನೆಯ ಪಾದವನ್ನು ಆಲಾಪನೆ ಮಾಡುತ್ತ ಗಳಿಗೆಗಟ್ಟಲೆ ನಿಲ್ಲಿಸುತ್ತಿದ್ದರು. ಪ್ರೇಕ್ಷಕರು ವನ್ಸ್‌ಮೋರ್ ಎಂದು ಕೂಗಿದರೆ ಅದೇ ಪದ್ಯವು ಎರಡು ಮೂರು ಸಲ ಬರುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಯು ಅಳುವುದನ್ನು ಬಿಟ್ಟು ರಾಗವನ್ನು ವಿಸ್ತರಿಸುವುದು, ಯುದ್ಧಕ್ಕೆ ಹೊರಟ ವೀರನು ಬಾಣವನ್ನು ಕೆಳಗಿರಿಸಿ ಸಂಗೀತವನ್ನು ಮುಗಿಸುವುದು, ಇವೆಲ್ಲ ಸಾಮಾನ್ಯವಾಗಿದ್ದುವು. ಜನರು ಸಂಗೀತದಿಂದ ಸಂತೋಷಪಟ್ಟರೆಂಬುದೇನೋ ನಿಜ. ಆದರೆ ಕಥೆಯ ರಸವು ನಡುವೆ ತುಂಡಾಗುತ್ತಿತ್ತು.

ರಾಘವಾಚಾರ್ಯರು ಈ ಪ್ರವಾಹಕ್ಕೆ ಎದುರಾಗಿ ಈಜಿದರು. ನಾಟಕವು ಸಂಗೀತ ಕಚೇರಿಯಾಗಬಾರದೆಂಬುದು ಅವರ ದೃಢವಾದ ಮತ. ಪದ್ಯಗಳನ್ನು ಬಹುವಾಗಿ ಕಡಮೆ ಮಾಡಿ, ಆಡುಮಾತಿನ ಸಹಜವಾದ ಏರಿಳಿತಕ್ಕೆ ಪ್ರಾಶಸ್ತ್ಯ ಕೊಟ್ಟರು. ಒಂದು ನೋಟ, ಒಂದು ನಿಟ್ಟುಸಿರು, ಕೈಯನ್ನು ಎತ್ತಲು ಹೋಗಿ ಹಾಗೆಯೇ ಇಳಿಸುವ ಒಂದು ಚಲನೆ, ಮಾತಿನ ನಡುವಣ ಮೌನ, ಇವುಗಳಿಂದ ರಸವನ್ನು ಹುಟ್ಟಿಸಬಹುದೆಂದು ಸಿದ್ಧಮಾಡಿ ತೋರಿಸಿದರು. ಭರತಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕು ವಿಧವಾಗಿ ಹೇಳಿದೆಯಷ್ಟೆ. ಅಂಗಚಲನೆಯನ್ನೂ ಮಾತನ್ನೂ ಅಭ್ಯಾಸದಿಂದ ಕಲಿಯಬಹುದು. ವೇಷಭೂಷಣಗಳನ್ನು ಬಾಡಿಗೆಗೆ ತರಬಹುದು. ಅಂತರಂಗದಿಂದ ಹೊಮ್ಮಬೇಕಾದ ಸಾತ್ತ್ವಿಕವು ಮಾತ್ರ ತಪಸ್ಸಿಗೆ ಒಲಿಯತಕ್ಕದ್ದು. ಆ ತಪಸ್ಸನ್ನು ಮಾಡಿದ ನಟರಲ್ಲಿ ರಾಘವಾಚಾರ್ಯರು ಅಗ್ರಗಣ್ಯರು.

ಅವರು ಧರಿಸಿದ ಪೌರಾಣಿಕ ಪಾತ್ರಗಳಲ್ಲಿ ಹಿರಣ್ಯಕಶಿಪು, ಹರಿಶ್ಚಂದ್ರ, ದುರ್ಯೋಧನ ಇವು ಪ್ರಸಿದ್ಧವಾದುವು. ಹಿರಣ್ಯಕಶಿಪುವೆಂದರೆ ಕೋರೆಮೀಸೆ, ಗದೆ, ಅಬ್ಬರ ಎಂದೇ ಗ್ರಾಮಾಂತರ ರಂಗಗಳಲ್ಲಿ ರೂಢಿ. ಪುರಾಣವನ್ನು ನಿದಾನವಾಗಿ ಓದಿದವರಿಗೆ ಅಲ್ಲಿ ಇನ್ನೊಂದು ಸಂಗತಿ ತೋರುತ್ತದೆ. ಅವನು ಒಬ್ಬ ತಂದೆ. ತಮ್ಮನನ್ನು ವಿಷ್ಣುವಿನ ಕೈಯಲ್ಲಿ ಕಳೆದುಕೊಂಡವನು. ಆ ವಿಷ್ಣುವಿನ ನಾಮವೇ ತನ್ನ ಕರುಳ ಕುಡಿಯ ಬಾಯಲ್ಲಿ ಬಂದಾಗ ಒಳಗೊಳಗೇ ಬೆಂದವನು. ಮಗನ ಮೇಲಣ ಮೋಹವನ್ನೂ ಹರಿಯ ಮೇಲಣ ದ್ವೇಷವನ್ನೂ ಒಂದೇ ಮುಖದಲ್ಲಿ ತೋರಿಸಬಲ್ಲ ನಟನಿದ್ದರೆ ಮಾತ್ರ ಪ್ರಹ್ಲಾದನ ಭಕ್ತಿಯ ಬೆಲೆ ಪ್ರೇಕ್ಷಕನಿಗೆ ತಿಳಿಯುತ್ತದೆ. ಕತ್ತಲೆಯ ಆಳವು ಕಾಣದಿದ್ದರೆ ದೀಪದ ಬೆಳಕೂ ಕಾಣದು. ದುಷ್ಟಪಾತ್ರಗಳಲ್ಲಿಯೂ ಮನುಷ್ಯತ್ವವನ್ನು ಹುಡುಕಿ ಎತ್ತಿ ತೋರಿಸುವುದು ರಾಘವಾಚಾರ್ಯರ ವೈಶಿಷ್ಟ್ಯವಾಗಿತ್ತೆಂದು ಅವರ ಕಲೆಯನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ.

ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ವಸ್ತುವಾಗಿ ಇಟ್ಟುಕೊಂಡು ರಾಮರಾಜು ಚರಿತ್ರವೆಂಬ ನಾಟಕವನ್ನು ರಚಿಸಿದರು. 1565ರ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದು ಹಂಪೆಯು ಹಾಳಾದ ಕಥೆ ಅದು. ಹಂಪೆಯ ಹಾಳುಗುಡಿಗಳನ್ನು ಕಂಡಿರುವ ಈ ಸೀಮೆಯ ಜನರಿಗೆ ಅದು ಕೇವಲ ಕಥೆಯಾಗಿ ತೋರಲಾರದು. ಆ ನಾಟಕದಲ್ಲಿ ರಾಘವಾಚಾರ್ಯರು ಪಠಾಣ ರುಸ್ತುಮನ ಪಾತ್ರವನ್ನು ವಹಿಸಿದರು. ರಾಜನೂ ಅಲ್ಲದ, ದೇವತೆಯೂ ಅಲ್ಲದ ಒಂದು ಪಾತ್ರವು ನಾಟಕದ ಜೀವಾಳವೆನಿಸುವಷ್ಟು ಎತ್ತರಕ್ಕೆ ಏರಿತು. ವೈಷ್ಣವ ಮನೆತನದ ಆಚಾರ್ಯರೊಬ್ಬರು ಮುಸಲ್ಮಾನ ವೀರನ ವೇಷದಲ್ಲಿ ಜನರ ಮನವನ್ನು ಸೂರೆಗೊಂಡರೆಂದರೆ, ಕಲೆಗೆ ಜಾತಿಮತಗಳ ಕಟ್ಟಿಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಇದೇ ಮನೋಧರ್ಮದಿಂದ ಅವರು ದೀನಬಂಧು ಕಬೀರ್ ಎಂಬ ಹಿಂದೀ ನಾಟಕದಲ್ಲಿ ಸಂತ ಕಬೀರದಾಸರ ಪಾತ್ರವನ್ನು ಧರಿಸಿದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲವು ತಿಂಗಳು ವಿಶ್ರಾಂತಿ ಪಡೆಯುತ್ತಿದ್ದ ಕಾಲದಲ್ಲಿ ಈ ನಾಟಕವನ್ನು ನೋಡಿದರು. ಗಾಂಧಿಯವರ ದಿನಚರಿಯಲ್ಲಿ ಸಂಜೆಯ ಪ್ರಾರ್ಥನೆಗೆ ನಿಶ್ಚಿತವಾದ ವೇಳೆಯುಂಟೆಂಬುದು ಎಲ್ಲರಿಗೂ ತಿಳಿದ ವಿಷಯ. ನಾಟಕವು ನಡೆಯುತ್ತಿರುವಾಗ ಪ್ರಾರ್ಥನೆಯ ಹೊತ್ತಾಯಿತೆಂದು ಜೊತೆಯಲ್ಲಿದ್ದವರು ನೆನಪು ಮಾಡಿದರಂತೆ. ತಾವು ಈಗ ಇರುವುದು ಪ್ರಾರ್ಥನೆಯಲ್ಲಿಯೇ ಎಂಬ ಭಾವದಿಂದ ಗಾಂಧಿಯವರು ಏಳದೆ ಕುಳಿತು ಪೂರ್ತಿಯಾಗಿ ನೋಡಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಟನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದು? ರಂಗದ ಮೇಲಣ ಅಭಿನಯವು ಸಂಜೆಯ ಸಂಧ್ಯಾವಂದನೆಗೆ ಸಮಾನವೆನಿಸಿದ ಗಳಿಗೆಯಲ್ಲಿ ನಾಟ್ಯವು ಐದನೆಯ ವೇದವೆಂಬ ಮಾತು ಸಾರ್ಥಕವಾಯಿತು.

ರಾಘವಾಚಾರ್ಯರ ಇನ್ನೊಂದು ದೊಡ್ಡ ಸಾಧನೆಯು ಸ್ತ್ರೀಪಾತ್ರಗಳಿಗೆ ಸಂಬಂಧಿಸಿದುದು. ಆ ಕಾಲದಲ್ಲಿ ಗೌರವಸ್ಥ ಮನೆತನದ ಹೆಣ್ಣುಮಕ್ಕಳು ರಂಗವನ್ನೇರುವುದು ಸಮಾಜಕ್ಕೆ ಒಪ್ಪಿಗೆಯಿರಲಿಲ್ಲ. ತೆಲುಗಿನಲ್ಲಿ ಸ್ಥಾನಂ ನರಸಿಂಹರಾಯರು, ಮರಾಠಿಯಲ್ಲಿ ಬಾಲಗಂಧರ್ವರು ಸ್ತ್ರೀವೇಷದಲ್ಲಿ ಅಪಾರವಾದ ಕೀರ್ತಿಯನ್ನು ಪಡೆದಿದ್ದರು. ಅವರ ಪ್ರತಿಭೆಯು ನಿರ್ವಿವಾದವಾದುದು. ಆದರೂ ಹೆಣ್ಣಿನ ಸುಖದುಃಖಗಳನ್ನು ಹೆಣ್ಣೇ ಅಭಿನಯಿಸಬೇಕೆಂದು ರಾಘವಾಚಾರ್ಯರು ಹಟಹಿಡಿದರು. ವಿದ್ಯಾವಂತರಾದ ಮಹಿಳೆಯರನ್ನು ಪ್ರೋತ್ಸಾಹಿಸಿ, ಅವರ ಮನೆಯವರನ್ನು ಒಪ್ಪಿಸಿ, ತಮ್ಮ ಜೊತೆಯಲ್ಲಿ ರಂಗಕ್ಕೆ ಕರೆತಂದರು. ಹಾಗೆ ಬಂದವರಲ್ಲಿ ಕೊಮ್ಮೂರಿ ಪದ್ಮಾವತೀದೇವಿಯವರು ಮುಖ್ಯರು. ನಿಂದೆಯ ಮಾತುಗಳಿಗೆ ಅಂಜದೆ ನಡೆದ ಆ ಹೆಣ್ಣುಮಕ್ಕಳ ಧೈರ್ಯವನ್ನೂ ನಾವು ಇಲ್ಲಿ ನೆನೆಯಬೇಕು. ದಾರಿಯನ್ನು ತೋರಿಸಿದವರು ಒಬ್ಬರಾದರೆ, ಮುಳ್ಳನ್ನು ತುಳಿದು ನಡೆದವರು ಅವರೇ.

ಪೌರಾಣಿಕಗಳಲ್ಲಿ ಹೆಸರು ಪಡೆದ ಮೇಲೆ ಅಲ್ಲಿಯೇ ನಿಂತು ಸುಖವಾಗಿರುವವರೇ ಹೆಚ್ಚು. ರಾಘವಾಚಾರ್ಯರು ಹಾಗೆ ಮಾಡದೆ ಹೊಸ ಸಾಮಾಜಿಕ ನಾಟಕಗಳನ್ನೂ ಕೈಗೆತ್ತಿಕೊಂಡರು. ಪಿ. ವಿ. ರಾಜಮನ್ನಾರರು ಬರೆದ ತಪ್ಪೆವರಿದಿ ಎಂಬ ನಾಟಕವನ್ನು 1930ರ ಆಸುಪಾಸಿನಲ್ಲಿ ಪ್ರಯೋಗಿಸಿದರು. ತಪ್ಪು ಯಾರದೆಂದು ಕೇಳುವ ಆ ನಾಟಕವು ಸಂಸಾರದಲ್ಲಿ ಹೆಣ್ಣಿಗೆ ಆಗುವ ಅನ್ಯಾಯವನ್ನು ಕುರಿತದ್ದು. ಈ ರಾಜಮನ್ನಾರರೇ ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದರು. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ವಿಲಾಸೀ ನಟರ ಜೊತೆಯಲ್ಲಿಯೂ ರಾಘವಾಚಾರ್ಯರು ನಟಿಸಿದರು. 1920ರ ದಶಕದ ಕೊನೆಯಲ್ಲಿ ಯೂರೋಪು ಖಂಡಕ್ಕೆ ಹೋಗಿ ಇಂಗ್ಲೆಂಡ್ ಮೊದಲಾದ ದೇಶಗಳ ನಾಟಕಶಾಲೆಗಳನ್ನು ನೋಡಿ, ಭಾರತೀಯ ನಾಟ್ಯಕಲೆಯನ್ನು ಕುರಿತು ಉಪನ್ಯಾಸಗಳನ್ನು ಮಾಡಿ, ಬರ್ನಾರ್ಡ್ ಷಾ ಅವರನ್ನು ಭೇಟಿಯಾಗಿ ಹಿಂದಿರುಗಿದರು.

ಚಲನಚಿತ್ರಗಳು ಬಂದಾಗ ಅಲ್ಲಿಯೂ ಸ್ವಲ್ಪ ಕಾಲ ಕೆಲಸಮಾಡಿದರು. 1936ರಲ್ಲಿ ದ್ರೌಪದೀ ಮಾನಸಂರಕ್ಷಣಂ ಎಂಬ ಚಿತ್ರದಲ್ಲಿ ದುರ್ಯೋಧನರಾದರು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ಅವರು ನಿರ್ದೇಶಿಸಿದ ರೈತುಬಿಡ್ಡ ಎಂಬ ಚಿತ್ರದಲ್ಲಿ, ಜಮೀನುದಾರರ ದಬ್ಬಾಳಿಕೆಯಿಂದ ನೊಂದ ಒಬ್ಬ ಒಕ್ಕಲಿಗನ ಪಾತ್ರವನ್ನು ವಹಿಸಿದರು. ಬಡವರ ಪರವಾಗಿ ನಿಂತ ಆ ಚಿತ್ರವು ಜಮೀನುದಾರರ ಕೋಪಕ್ಕೆ ಗುರಿಯಾಗಿ, ಅದರ ಪ್ರದರ್ಶನಕ್ಕೆ ನಿಷೇಧವೂ ಬಂದಿತು. 1940ರ ಚಂಡಿಕಾ ಅವರ ಮತ್ತೊಂದು ಚಿತ್ರ. ಆದರೆ ಆಗ ಅವರಿಗೆ ಅರುವತ್ತರ ಪ್ರಾಯ. ಅವರ ಯೌವನದ ಪಠಾಣನಾಗಲಿ, ಹರಿಶ್ಚಂದ್ರನಾಗಲಿ, ಕಬೀರನಾಗಲಿ ಯಾವ ಯಂತ್ರಕ್ಕೂ ಸಿಕ್ಕಲಿಲ್ಲ. ಎದುರಿಗೆ ಪ್ರೇಕ್ಷಕರು ಕುಳಿತು ಉಸಿರು ಬಿಗಿಹಿಡಿದಾಗ ನಟನಿಗೂ ಅವರಿಗೂ ನಡುವೆ ಹರಿಯುವ ರಸಧಾರೆಯನ್ನು ಸೆರೆಹಿಡಿಯುವ ಯಂತ್ರವು ಇಂದಿಗೂ ಬಂದಿಲ್ಲ.

ಇಷ್ಟೆಲ್ಲ ಕೀರ್ತಿಯನ್ನು ಪಡೆದವರು ನಾಟಕದಿಂದ ಸ್ವಂತಕ್ಕೆ ದ್ರವ್ಯವನ್ನು ಕೂಡಿಡಲಿಲ್ಲ. ಸಂಸಾರವು ವಕೀಲಿಯಿಂದ ನಡೆಯಿತು. ನಾಟಕದ ಹಣವು ಧರ್ಮಕಾರ್ಯಗಳಿಗೂ ಸಂಘಸಂಸ್ಥೆಗಳ ಸಹಾಯನಿಧಿಗೂ ಸಂದಿತು. ತಾವು ದುಡಿದುದನ್ನೂ ಕಲೆಗಾಗಿ ಕೈಬಿಚ್ಚಿ ಖರ್ಚುಮಾಡಿದರು. ಈ ನಿಸ್ಪೃಹತೆಯಿಂದಲೇ ಅವರಿಗೆ ರೂಢಿಯನ್ನು ಮೀರಿ ನಡೆಯುವ ಸ್ವಾತಂತ್ರ್ಯವು ಲಭಿಸಿತು. ವನ್ಸ್‌ಮೋರಿನ ಕೂಗಿಗೆ ಕಾದು ನಿಲ್ಲುವ ಅಗತ್ಯವು ಅವರಿಗೆ ಇರಲಿಲ್ಲ. 1946ನೆಯ ಇಸವಿ ಏಪ್ರಿಲ್ 16ರಂದು ಬಳ್ಳಾರಿಯಲ್ಲಿ ಅವರು ದೈವಾಧೀನರಾದರು.

ಅವರು ಕಾಲವಾದ ಏಳು ವರ್ಷಗಳಿಗೆ, 1953ರ ಅಕ್ಟೋಬರ್ 1ರಂದು, ಆಂಧ್ರರಾಜ್ಯವು ಸ್ಥಾಪಿತವಾಯಿತು. ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದುವು. ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ರಾಘವಾಚಾರ್ಯರು ಹುಟ್ಟಿದ ಊರು ಆಂಧ್ರದಲ್ಲಿ, ಬಾಳಿ ಬೆಳಗಿದ ಊರು ಕರ್ನಾಟಕದಲ್ಲಿ. ಹೀಗಿರಲು ಅವರನ್ನು ಯಾರವರೆಂದು ಹೇಳುವುದು? ತೆಲುಗು, ಕನ್ನಡ, ಹಿಂದೀ, ಇಂಗ್ಲಿಷ್ ನಾಲ್ಕರಲ್ಲಿಯೂ ರಂಗವನ್ನೇರಿದವರಿಗೆ ಗಡಿಯ ಕಲ್ಲನ್ನು ನೆಡುವುದು ಹೇಗೆ? ನಮ್ಮ ಮನೆಗಳಲ್ಲಿ ಅಜ್ಜಿಯೊಡನೆ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು. ಸುಪ್ರಭಾತದ ಬಳಿಕ ದಾಸರ ಪದವೂ ಉಂಟು, ಅನ್ನಮಯ್ಯನ ಕೀರ್ತನೆಯೂ ಉಂಟು. ಇಂತಹ ಸೀಮೆಯ ಜನರಿಗೆ ರಾಘವಾಚಾರ್ಯರು ಯಾರವರೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅವರು ನಮ್ಮವರು. ಹೀಗಿದ್ದೂ ಒಂದು ಅಪಾಯವುಂಟು. ಇಬ್ಬರಿಗೂ ಸೇರಿದ ಹೊಲವನ್ನು ಅತ್ತಲವನು ಉಳುವನೆಂದು ಇತ್ತಲವನೂ, ಇತ್ತಲವನು ಉಳುವನೆಂದು ಅತ್ತಲವನೂ ಸುಮ್ಮನಿದ್ದರೆ ಅದು ಬೀಳುಬೀಳುತ್ತದೆ. ಎರಡು ನುಡಿಗಳಿಗೆ ಸೇರಿದ ಕಲಾವಿದರಿಗೂ ಆ ಗತಿ ಒದಗಬಾರದು.

ಅವರ ಸ್ಮರಣೆಗಾಗಿ ನಡೆದ ಕಾರ್ಯಗಳೂ ಉಂಟು. ಬಳ್ಳಾರಿಯಲ್ಲಿ ಅವರ ಹೆಸರಿನ ರಾಘವ ಕಲಾಮಂದಿರವು ನಿಂತಿದೆ. 1981ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಗುಡಿಯನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ನಿತ್ಯಪೂಜೆಯು ನಿಂತುಹೋದರೆ ಅಲ್ಲಿ ಸಾನ್ನಿಧ್ಯವಿಲ್ಲವೆಂದು ಆಗಮಜ್ಞರು ಹೇಳುತ್ತಾರೆ. ಕಲಾವಿದನ ಸ್ಮಾರಕಕ್ಕೂ ಈ ನ್ಯಾಯವೇ ಅನ್ವಯಿಸುತ್ತದೆ. ಅವನ ಕಲೆಯನ್ನು ಆಡುವವರು ಇಲ್ಲದಿದ್ದರೆ ಪ್ರತಿಮೆಯ ಕೊರಳಿನ ಹಾರವು ವರ್ಷಕ್ಕೊಮ್ಮೆ ಬದಲಾಗುತ್ತದೆಯೇ ಹೊರತು ಬೇರೇನೂ ನಡೆಯದು.

ಆದುದರಿಂದ ಭಕ್ತಮಹಾಶಯರಲ್ಲಿ ಒಂದು ವಿಜ್ಞಾಪನೆ. ಊರೂರಿನಲ್ಲಿಯೂ ಹಳೆಯ ನಾಟಕಗಳ ಕೈಬರಹದ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರುವುವು. ಅವು ಕನ್ನಡದವಾಗಿರಲಿ, ತೆಲುಗಿನವಾಗಿರಲಿ, ಕನ್ನಡ ಲಿಪಿಯಲ್ಲಿ ಬರೆದ ತೆಲುಗಿನವಾಗಿರಲಿ, ಕೆಳಗಿಳಿಸಿ ಧೂಳು ಕೊಡವಿ ಪ್ರತಿ ಮಾಡಿಸಬೇಕು. ಹಿಂದೆ ವೇಷ ಕಟ್ಟಿದ ವೃದ್ಧರು, ಹಾರ್ಮೋನಿಯಂ ನುಡಿಸಿ ಮಾತು ಕಲಿಸಿದ ಮೇಷ್ಟ್ರುಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು, ಯಾವ ಪಾತ್ರವನ್ನು ಹೇಗೆ ಆಡುತ್ತಿದ್ದರೆಂದು ಕೇಳಿ ಬರೆದಿಡಬೇಕು. ಉತ್ಸವದ ಖರ್ಚಿನಲ್ಲಿ ದೀಪಾಲಂಕಾರಕ್ಕೆಂದು ತೆಗೆದಿಡುವ ಹಣದ ಒಂದು ಅಂಶವನ್ನು ಹುಡುಗ ಹುಡುಗಿಯರಿಗೆ ಒಂದು ನಾಟಕವನ್ನು ಕಲಿಸುವುದಕ್ಕೆ ವಿನಿಯೋಗಿಸಬೇಕು. ಗುಡಿಯ ಪ್ರಾಕಾರವನ್ನು ಸರಿಪಡಿಸುವಾಗ ಬಯಲಿನಲ್ಲಿ ಪರದೆ ಕಟ್ಟುವಷ್ಟು ಜಾಗವನ್ನು ಉಳಿಸಿಕೊಳ್ಳಬೇಕು. ಇವು ದೊಡ್ಡ ದ್ರವ್ಯವನ್ನು ಬೇಡುವ ಕೆಲಸಗಳಲ್ಲ. ಮನಸ್ಸನ್ನು ಬೇಡುವ ಕೆಲಸಗಳು.

ನಂದಾದೀಪಕ್ಕೆ ದಿನದಿನವೂ ಎಣ್ಣೆ ಎರೆಯುವವರು ಬೇರೆ ಬೇರೆಯವರಾದರೂ ಬೆಳಕು ಒಂದೇ. ರಾಮಕೃಷ್ಣಮಾಚಾರ್ಯರೂ ಶ್ರೀನಿವಾಸರಾಯರೂ ಎರೆದ ಎಣ್ಣೆಯಿಂದ ರಾಘವಾಚಾರ್ಯರೆಂಬ ಜ್ಯೋತಿಯು ಬೆಳಗಿತು. ಮುಂದಿನ ಎಣ್ಣೆಯನ್ನು ಎರೆಯಬೇಕಾದವರು ನಾವು. ಸ್ತಂಭದಿಂದ ಮೂಡಿಬಂದು ಭಕ್ತನ ಮಾತನ್ನು ಉಳಿಸಿದ ಶ್ರೀ ನರಸಿಂಹಸ್ವಾಮಿಯು, ತನ್ನ ಕಥೆಯನ್ನು ರಂಗದ ಮೇಲೆ ಆಡಿ ತೋರಿಸಿದ ಈ ಕಲಾಪರಂಪರೆಯನ್ನೂ ಉಳಿಸಲೆಂದು ಪ್ರಾರ್ಥಿಸೋಣ.